ಮೊದಲ ಮನೆ ಖರೀದಿ: ಮಾರುವವರು ಕೊಟ್ಟ ಅಗ್ರಿಮೆಂಟ್ ಡ್ರಾಫ್ಟ್‌ನಲ್ಲಿ ಏನನ್ನು ಬದಲಿಸಲು ಕೇಳಬೇಕು?

ಹೊಸಮನೆ (ಪ್ರಶ್ನೆ)

ಇದು ನನ್ನ ಮೊದಲ ಆಸ್ತಿ ಖರೀದಿ. ಎರಡಂತಸ್ತಿನ ಹಳೆಯ ಮನೆ, ಕೆಳಗೆ ಬಾಡಿಗೆದಾರರಿದ್ದಾರೆ, ಮೇಲೆ ಮಾರುವವರೇ ಇದ್ದಾರೆ. ಲೆಕ್ಕಕ್ಕೆ ಸುಲಭವಾಗಲೆಂದು ಮಾತಾಡಿದ ಬೆಲೆಯನ್ನು 100 ಎಂದಿಟ್ಟುಕೊಳ್ಳಿ. ಮಾರುವವರು ಕಳಿಸಿದ ಡ್ರಾಫ್ಟ್‌ನ ಮುಖ್ಯ ಅಂಶಗಳು ಹೀಗಿವೆ:

ಸಹಿಯ ದಿನವೇ ಅಡ್ವಾನ್ಸ್ 20, ನೇರ ಅವರ ಖಾತೆಗೆ, ಯಾವ ಕಾರಣಕ್ಕೂ ವಾಪಸ್ ಇಲ್ಲ. 30 ದಿನದಲ್ಲಿ ಬಾಕಿ ಕೊಟ್ಟು ಕ್ರಯ ಮುಗಿಸಬೇಕು. ಮನೆ 'ಇದ್ದ ಸ್ಥಿತಿಯಲ್ಲೇ' ಮಾರಾಟ. ಬೆಲೆಯಲ್ಲಿ 15 ಭಾಗವನ್ನು ಅವರೇ ಸಾಲವಾಗಿ ಬಿಡುತ್ತಾರೆ, ಬಡ್ಡಿ ಶೇ 9, ಅವಧಿ 5 ವರ್ಷ. 'ಆಸ್ತಿಯ ಮೇಲೆ ಯಾವುದೇ ಋಣಭಾರವಿಲ್ಲ' ಎಂದು ಬರೆದಿದ್ದಾರೆ, ಆದರೆ ಅವರ ಬ್ಯಾಂಕ್ ಸಾಲ ಸುಮಾರು 45 ಬಾಕಿ ಇದೆ ಎಂದು ಬಾಯಲ್ಲಿ ಹೇಳಿದ್ದಾರೆ. ಮಾಲೀಕರು ಇಬ್ಬರು, ಒಬ್ಬರು ವಿದೇಶದಲ್ಲಿದ್ದಾರೆ.

ನನ್ನ ಕೈಯಲ್ಲಿ 25 ಇದೆ, ಬ್ಯಾಂಕಿನಿಂದ 60 ಬೇಕು. ಬೆಲೆ ಇಳಿಸಲು ಅವರು ಸುತರಾಂ ಒಪ್ಪುತ್ತಿಲ್ಲ. ಯಾವುದನ್ನು ಪಟ್ಟು ಹಿಡಿದು ಕೇಳಬೇಕು, ಯಾವುದನ್ನು ಬಿಟ್ಟುಕೊಡಬಹುದು? ವಕೀಲರ ಬಳಿ ಹೋಗುವ ಮುಂಚೆ ವಿಷಯ ಸ್ಪಷ್ಟ ಮಾಡಿಕೊಳ್ಳಬೇಕೆಂದು ಕೇಳುತ್ತಿದ್ದೇನೆ.

ಕರಾರು_ಕಲಂ

ಬೆಲೆ ಅಗ್ರಿಮೆಂಟ್‌ನಲ್ಲಿ ಒಂದೇ ಸಾಲು. ಉಳಿದ ಪುಟಗಳೆಲ್ಲ ತೀರ್ಮಾನಿಸುವುದು ಯಾವ ದಿನದವರೆಗೆ ಯಾರ ದುಡ್ಡು ಅಪಾಯದಲ್ಲಿ ಇರುತ್ತದೆ ಎಂಬುದನ್ನು. ಈ ಡ್ರಾಫ್ಟ್ ಪ್ರಕಾರ ಸಹಿ ಬಿದ್ದ ಕ್ಷಣದಿಂದ ಅಪಾಯವೆಲ್ಲ ನಿಮ್ಮದು. ಬ್ಯಾಂಕ್ ಸಾಲ ಕೊಡದಿದ್ದರೂ, ದಾಖಲೆಯಲ್ಲಿ ದೋಷ ಸಿಕ್ಕರೂ, ವಿದೇಶದಲ್ಲಿರುವವರು ಸಹಿ ಹಾಕದಿದ್ದರೂ ನಿಮ್ಮ 20 ವಾಪಸ್ ತರಲು ನೀವೇ ಓಡಾಡಬೇಕು. ಬೆಲೆ ಹಾಗೇ ಇರಲಿ. ಈ ತೂಕವನ್ನು ಸರಿಮಾಡಿ.

ಅಡ್ವಾನ್ಸ್ ವಿಷಯದಲ್ಲಿ ಮೂರು ಪ್ರಶ್ನೆಗಳಿವೆ, ಒಂದಕ್ಕೊಂದು ಬೆರೆಸಬೇಡಿ: ಎಷ್ಟು, ಯಾರ ಕೈಯಲ್ಲಿ, ಯಾವಾಗಿನಿಂದ ವಾಪಸ್ ಇಲ್ಲ. ಹೆಚ್ಚಿನವರು ಮೊದಲನೆಯದಕ್ಕೇ ಜಗ್ಗಾಡುತ್ತಾರೆ. ನಿಜವಾದ ರಕ್ಷಣೆ ಇರುವುದು ಉಳಿದೆರಡರಲ್ಲಿ. ಇಬ್ಬರೂ ಒಪ್ಪುವ ಮೂರನೆಯವರ ಎಸ್ಕ್ರೋ ಖಾತೆಯಲ್ಲಿ (ಷರತ್ತುಗಳು ಮುಗಿಯುವವರೆಗೆ ಹಣ ಹಿಡಿದಿಡುವ ಖಾತೆ) 10 ಇಡುವುದು, ಮಾರುವವರ ಖಾತೆಗೆ ನೇರ 5 ಹಾಕುವುದಕ್ಕಿಂತ ನಿಮಗೆ ಕ್ಷೇಮ. ನೇರ ಹಾಕಿದ ದುಡ್ಡು ಖರ್ಚಾಗಿಬಿಟ್ಟರೆ 'ವಾಪಸ್ ಕೊಡತಕ್ಕದ್ದು' ಎಂಬ ಸಾಲು ಕಾಗದದ ಮೇಲಷ್ಟೇ ಉಳಿಯುತ್ತದೆ. 'ವಾಪಸ್ ಇಲ್ಲ' ಎಂಬ ಮಾತು ಸಹಿಯ ದಿನದಿಂದಲ್ಲ, ನಿಮ್ಮ ಷರತ್ತುಗಳೆಲ್ಲ ಮುಗಿದ ದಿನದಿಂದ ಜಾರಿಯಾಗಲಿ. ಮಾರುವವರಿಗೂ ಇದು ಅನ್ಯಾಯವಲ್ಲ, ಆ ದಿನದ ಮೇಲೆ ನೀವು ಹಿಂದೆ ಸರಿದರೆ ಅಡ್ವಾನ್ಸ್ ಅವರದ್ದೇ.

ಇನ್ನು ಷರತ್ತುಗಳು. ನಿಮಗೆ ನಾಲ್ಕು ಬೇಕು: ಕಟ್ಟಡ ಪರೀಕ್ಷೆ, ಮಾಲೀಕತ್ವದ ದಾಖಲೆ, ಬಾಡಿಗೆದಾರರ ವಿವರ, ಬ್ಯಾಂಕ್ ಸಾಲ. ಇವುಗಳನ್ನು ಬರೆಯುವ ರೀತಿಯೇ ಎಲ್ಲ. ಸಾಮಾನ್ಯವಾಗಿ ಕಾಣುವ ಸಾಲು ಇದು:

'ಖರೀದಿದಾರರಿಗೆ ಸಾಲ ಸಿಗದಿದ್ದಲ್ಲಿ ಈ ಕರಾರು ರದ್ದಾಗುತ್ತದೆ.'

ಯಾವ ಮೊತ್ತದ ಸಾಲ? ಯಾವ ಬಡ್ಡಿಗೆ? ಯಾವ ದಿನದೊಳಗೆ? ಅರ್ಜಿಯನ್ನೇ ಹಾಕದೆ 'ಸಿಗಲಿಲ್ಲ' ಎಂದರೆ? ಅಡ್ವಾನ್ಸ್ ಗತಿ ಏನು? ಜಗಳ ಹುಟ್ಟುವುದು ಈ ಖಾಲಿ ಜಾಗಗಳಿಂದಲೇ. ಹೀಗೆ ಬರೆಸಿ:

'ಖರೀದಿದಾರರು ಸಹಿಯಾದ 5 ದಿನಗಳೊಳಗೆ ಸಾಲಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಬೆಲೆಯ ಶೇ 60ಕ್ಕೆ ಕಡಿಮೆಯಿಲ್ಲದ, ಅನುಬಂಧದಲ್ಲಿ ನಮೂದಿಸಿದ ಬಡ್ಡಿದರವನ್ನು ಮೀರದ ಸಾಲವು 35ನೇ ದಿನದ ಸಂಜೆ 5 ಗಂಟೆಯೊಳಗೆ ಲಿಖಿತವಾಗಿ ಮಂಜೂರಾಗದಿದ್ದಲ್ಲಿ, ಅದೇ ಗಡುವಿನೊಳಗೆ ಲಿಖಿತ ನೋಟಿಸ್ ನೀಡಿ ಖರೀದಿದಾರರು ಕರಾರನ್ನು ರದ್ದುಪಡಿಸಬಹುದು. ರದ್ದಾದ 7 ದಿನಗಳೊಳಗೆ ಮುಂಗಡ ಪೂರ್ತಿಯಾಗಿ ಹಿಂದಿರುಗತಕ್ಕದ್ದು. ಗಡುವಿನೊಳಗೆ ನೋಟಿಸ್ ನೀಡದಿದ್ದಲ್ಲಿ ಈ ಹಕ್ಕನ್ನು ಬಿಟ್ಟುಕೊಟ್ಟಂತೆ ಭಾವಿಸಲಾಗುವುದು.'

ಕೊನೆಯ ವಾಕ್ಯ ಮಾರುವವರ ಪರ. ಬೇಕೆಂದೇ ಸೇರಿಸಬೇಕು. 'ಇವರು ತಿಂಗಳುಗಟ್ಟಲೆ ನೇತಾಡಿಸುತ್ತಾರೆ' ಎಂಬ ಅವರ ಭಯ ಅದರಿಂದ ಹೋಗುತ್ತದೆ, ಉಳಿದದ್ದಕ್ಕೆ ಒಪ್ಪುವುದು ಸುಲಭವಾಗುತ್ತದೆ.

ಮೊತ್ತ ಯಾಕೆ ಬರೆಯಬೇಕೆಂದರೆ, ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪಂದದ ಬೆಲೆ ಮತ್ತು ತಮ್ಮ ಮೌಲ್ಯಮಾಪನ ಎರಡರಲ್ಲಿ ಕಡಿಮೆ ಇರುವುದರ ಮೇಲೆ ಶೇಕಡಾ ಲೆಕ್ಕ ಹಾಕುತ್ತವೆ. ಮೌಲ್ಯಮಾಪಕರು 90 ಎಂದು ಬರೆದರೆ ಶೇ 60 ಅಂದರೆ 54. 'ಸಾಲ ಸಿಕ್ಕಿದೆ', ಆದರೆ 6 ಕಡಿಮೆ ಬಿದ್ದಿದೆ. ಮೊತ್ತ ಬರೆಯದ ಷರತ್ತು ಇಲ್ಲಿ ಕೈಕೊಡುತ್ತದೆ.

ಗಡುವುಗಳಿಗೆ ನನ್ನ ಸಲಹೆ: ಕಟ್ಟಡ ಪರೀಕ್ಷೆ 10ನೇ ದಿನ, ದಾಖಲೆ ಮತ್ತು ಬಾಡಿಗೆದಾರರ ವಿಷಯ 15ನೇ ದಿನ, ಸಾಲ 35, ಕ್ರಯ 50. ಹಿಂದೆ ಸರಿಯಬೇಕಾಗಿ ಬಂದರೆ ಕಡಿಮೆ ಖರ್ಚಿನಲ್ಲೇ ಗೊತ್ತಾಗಲಿ ಎಂದು ಈ ಕ್ರಮ. ಸಹಿಯ ದಿನವನ್ನು 0 ಎಂದು ಎಣಿಸುವುದಾಗಿ, ದಿನಗಳೆಂದರೆ ಕ್ಯಾಲೆಂಡರ್ ದಿನಗಳೋ ಕೆಲಸದ ದಿನಗಳೋ ಎಂಬುದಾಗಿ, ಗಡುವು ರಜೆಯ ದಿನ ಬಿದ್ದರೆ ಮರುದಿನಕ್ಕೆ ಹೋಗುವುದಾಗಿ, ಇಮೇಲ್ ನೋಟಿಸ್ ನಡೆಯುತ್ತದೆಯೋ ಇಲ್ಲವೋ ಎಂಬುದಾಗಿ ನಾಲ್ಕು ಸಾಲು ಬರೆಸಿ. ಎಲ್ಲಕ್ಕಿಂತ ಒಳ್ಳೆಯದು ತಾರೀಕುಗಳನ್ನೇ ಹಾಕಿಬಿಡುವುದು.

ಇಬ್ಬರು ಮಾಲೀಕರಿದ್ದರೆ ಅಗ್ರಿಮೆಂಟ್‌ಗೆ ಇಬ್ಬರ ಸಹಿಯೂ ಬೇಕು. ಕ್ರಯದ ದಿನ ನೋಡಿಕೊಳ್ಳೋಣ ಎನ್ನುವಂತಿಲ್ಲ. ಪವರ್ ಆಫ್ ಅಟಾರ್ನಿ ಮೂಲಕವಾದರೆ ಮೂಲ ಪ್ರತಿ ನೋಡಿ: ಈ ಆಸ್ತಿಯ ವಿವರ ಅದರಲ್ಲಿದೆಯೇ, ಮಾರುವ ಅಧಿಕಾರದ ಜೊತೆ ಹಣ ಪಡೆಯುವ ಅಧಿಕಾರವೂ ಇದೆಯೇ, ಆಸ್ತಿ ಇರುವ ಕಡೆಯ ಕಾನೂನು ಕೇಳುವ ದೃಢೀಕರಣ ಆಗಿದೆಯೇ. ಅಧಿಕಾರ ಕೊಟ್ಟವರು ತೀರಿಕೊಂಡರೆ ಪವರ್ ಆಫ್ ಅಟಾರ್ನಿ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಕ್ರಯದ ದಿನ ಅವರೊಡನೆ ವಿಡಿಯೋ ಕರೆ ಮಾಡಿ ಖಚಿತಪಡಿಸಿಕೊಳ್ಳುವುದು ಅತಿಯಲ್ಲ.

ಕೊನೆಯದಾಗಿ, ತಪ್ಪಿದವರಿಗೆ ಏನು ಶಿಕ್ಷೆ ಎಂಬ ಕಲಂ. ನಿಮ್ಮ ಡ್ರಾಫ್ಟ್‌ನಲ್ಲಿ ನೀವು ತಪ್ಪಿದರೆ ಅಡ್ವಾನ್ಸ್ ಹೋಗುತ್ತದೆ, ಅವರು ತಪ್ಪಿದರೆ ಎಂಬುದಕ್ಕೆ ಸಾಲೇ ಇಲ್ಲ. ಅವರು ತಪ್ಪಿದರೆ ಅಡ್ವಾನ್ಸ್ ಜೊತೆಗೆ ನಿಮ್ಮ ಪರೀಕ್ಷೆ, ವಕೀಲರು, ಸಾಲದ ಅರ್ಜಿ ಇವುಗಳ ಖರ್ಚನ್ನು ಕೊಡಬೇಕು, ಅಥವಾ ನಿಮ್ಮ ಆಯ್ಕೆಯಂತೆ ಕೋರ್ಟ್ ಮೂಲಕ ಕ್ರಯವನ್ನೇ ಮಾಡಿಸಿಕೊಳ್ಳುವ ಹಕ್ಕು ನಿಮಗಿರಬೇಕು. ಇದನ್ನು ಬಿಟ್ಟುಕೊಡಬೇಡಿ.

ಗೋಡೆ_ಬಿರುಕು

'ಇದ್ದ ಸ್ಥಿತಿಯಲ್ಲೇ' ಎಂಬುದಕ್ಕೆ ಹೆದರುವ ಅಗತ್ಯವಿಲ್ಲ. ರಿಪೇರಿ ಮಾಡಿಕೊಡುವುದಿಲ್ಲ ಎಂದಷ್ಟೇ ಅದರ ಅರ್ಥವಾಗುವಂತೆ ಬರೆಸಿ, ನೋಡುವ ಹಕ್ಕನ್ನು ಮತ್ತು ನೋಡಿದ ಮೇಲೆ ಹಿಂದೆ ಸರಿಯುವ ಹಕ್ಕನ್ನು ಉಳಿಸಿಕೊಳ್ಳಿ. ಗೊತ್ತಿದ್ದ ದೋಷಗಳನ್ನು ಮಾರುವವರು ಬರಹದಲ್ಲಿ ತಿಳಿಸಬೇಕು ಎಂಬ ಸಾಲನ್ನೂ ಸೇರಿಸಿ. ಸೋರಿಕೆ, ಗೆದ್ದಲು, ಗಡಿ ತಂಟೆ, ಅನುಮತಿ ಇಲ್ಲದೆ ಕಟ್ಟಿದ ಭಾಗ, ಹೀಗೆ ಹೆಸರಿಟ್ಟು ಕೇಳಿದರೆ ಉತ್ತರ ಬರುತ್ತದೆ. 'ಏನಾದರೂ ದೋಷ ಇದೆಯಾ' ಎಂದರೆ ಬರುವುದಿಲ್ಲ.

10 ದಿನದೊಳಗೆ ನೋಡಬೇಕಾದ್ದರಲ್ಲಿ ದುಬಾರಿಯಾಗುವವು ಇವು. ಬಿರುಕು: ಕೂದಲೆಳೆಯಷ್ಟು, 1 ಮಿಲಿಮೀಟರಿಗಿಂತ ಸಣ್ಣದು ಸಾಮಾನ್ಯವಾಗಿ ಗಾರೆಯದ್ದು. ಕಿಟಕಿ ಬಾಗಿಲ ಮೂಲೆಯಿಂದ ಓರೆಯಾಗಿ ಅಥವಾ ಇಟ್ಟಿಗೆಯ ಸಂದಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೋಗಿ ಒಂದು ತುದಿಯಲ್ಲಿ 5 ಮಿಲಿಮೀಟರ್ ಮೀರಿದ್ದರೆ ಅಡಿಪಾಯ ಕುಸಿದಿರುವ ಸಾಧ್ಯತೆ, ಸ್ಟ್ರಕ್ಚರಲ್ ಇಂಜಿನಿಯರ್ ನೋಡಲೇಬೇಕು. ತೇವ: ನೆಲದಿಂದ ಮೇಲಕ್ಕೆ ಸುಮಾರು 1 ಮೀಟರ್‌ವರೆಗೆ ಬಣ್ಣ ಉಬ್ಬಿ ಉಪ್ಪು ಬಿಟ್ಟಿದ್ದರೆ ಅಡಿಯಿಂದ ಏರುವ ತೇವ, ಚಾವಣಿಯ ಮೂಲೆಯಲ್ಲಿದ್ದರೆ ಮೇಲಿನ ಸೋರಿಕೆ. ಇಡೀ ಮನೆ ಹಳೆಯ ಬಣ್ಣದಲ್ಲಿದ್ದು ಒಂದು ಮೂಲೆ ಮಾತ್ರ ಹೊಸದಾಗಿ ಹೊಳೆಯುತ್ತಿದ್ದರೆ ಅಲ್ಲಿ ಕೈಯಿಟ್ಟು ನೋಡಿ. ನೀರು: ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕ್ ತುಂಬಿ ನೀರು ನಿಂತ ಮೇಲೆ ಮೀಟರ್ ನೋಡಿ, ಅದು ತಿರುಗುತ್ತಲೇ ಇದ್ದರೆ ಗೋಡೆಯೊಳಗೋ ನೆಲದಡಿಯೋ ಪೈಪ್ ಸೋರುತ್ತಿದೆ. ಬಳಿಕ ಎರಡೂ ಅಂತಸ್ತಿನ ನಲ್ಲಿಗಳನ್ನು ಒಟ್ಟಿಗೆ ಬಿಟ್ಟು ಕೆಳಗಿನ ಚರಂಡಿ ಉಕ್ಕುತ್ತದೆಯೇ ನೋಡಿ. ವಿದ್ಯುತ್: ಅರ್ಥಿಂಗ್ ಪರೀಕ್ಷೆ, ಮತ್ತು ಎರಡು ಮನೆಗೂ ಮೀಟರ್ ಬೇರೆ ಬೇರೆ ಇದೆಯೇ ಎಂಬುದು.

ದೋಷ ಸಿಕ್ಕಾಗ 'ರಿಪೇರಿ ಮಾಡಿಸಿಕೊಡಿ' ಎನ್ನಬೇಡಿ. ಬಿಟ್ಟುಹೋಗುವ ಮನೆಗೆ ಯಾರೂ ಒಳ್ಳೆಯ ಕೆಲಸಗಾರರನ್ನು ಹುಡುಕುವುದಿಲ್ಲ, ಅಗ್ಗದ ತೇಪೆ ಬೀಳುತ್ತದೆ. ಎರಡು ಲಿಖಿತ ಅಂದಾಜು ತಂದು ಬಾಕಿ ಹಣದಲ್ಲಿ ಅಷ್ಟನ್ನು ಕಳೆಯಲು ಕೇಳಿ. ಬೆಲೆ ಇಳಿಸಲು ಒಪ್ಪದವರೂ 'ಚಾವಣಿ ಖರ್ಚು 1.5' ಎಂಬ ಕಾಗದ ಎದುರಿಗಿದ್ದಾಗ ಒಪ್ಪುವುದುಂಟು, ಯಾಕೆಂದರೆ ಅದು ಚೌಕಾಸಿ ಅನ್ನಿಸುವುದಿಲ್ಲ. ಕೆಲಸವನ್ನು ಅವರೇ ಮಾಡಿಸುತ್ತೇವೆ ಎಂದು ಹಟ ಹಿಡಿದರೆ, ಅಂದಾಜಿನ ಒಂದೂವರೆ ಪಟ್ಟು ಹಣವನ್ನು ಕೆಲಸ ಮುಗಿಯುವವರೆಗೆ ಎಸ್ಕ್ರೋದಲ್ಲಿ ತಡೆಹಿಡಿಯುವ ಷರತ್ತು ಹಾಕಿ.

ಸಹಿ ಮತ್ತು ಕ್ರಯದ ನಡುವೆ ಬೆಂಕಿಯೋ ನೀರೋ ಬಂದು ಮನೆ ಹಾಳಾದರೆ ನಷ್ಟ ಯಾರದ್ದು ಎಂಬ ಸಾಲು ನಿಮ್ಮ ಡ್ರಾಫ್ಟ್‌ನಲ್ಲಿ ಕಾಣಲಿಲ್ಲ. ಸ್ವಾಧೀನ ಕೊಡುವವರೆಗೆ ಅವರದ್ದು ಎಂದು ಬರೆಸಿ.

ಬಡ್ಡಿ_ಪಟ್ಟಿ

ಮಾರುವವರ 15ರ ಸಾಲದ ಬಗ್ಗೆ. 'ಶೇ 9, 5 ವರ್ಷ' ಎಂದಷ್ಟೇ ಬರೆದರೆ ಅದಕ್ಕೆ ಕನಿಷ್ಠ ಮೂರು ಅರ್ಥಗಳಿವೆ:

ಬಡ್ಡಿ ಮಾತ್ರ ಕಟ್ಟುತ್ತಾ ಹೋಗಿ ಕೊನೆಗೆ ಅಸಲು ಕೊಡುವುದಾದರೆ ತಿಂಗಳಿಗೆ 0.1125, ಒಟ್ಟು ಬಡ್ಡಿ 6.75, 60ನೇ ತಿಂಗಳು ಒಮ್ಮೆಲೇ 15 ಕೊಡಬೇಕು.
5 ವರ್ಷದಲ್ಲಿ ಅಸಲು ಬಡ್ಡಿ ಎರಡೂ ತೀರುವ ಸಮಾನ ಕಂತಾದರೆ ತಿಂಗಳಿಗೆ ಸುಮಾರು 0.311, ಒಟ್ಟು ಬಡ್ಡಿ ಸುಮಾರು 3.68, ಕೊನೆಗೆ ಏನೂ ಇಲ್ಲ.
20 ವರ್ಷದ ಲೆಕ್ಕದಲ್ಲಿ ಕಂತು ಹಾಕಿ 5 ವರ್ಷಕ್ಕೆ ಬಾಕಿ ತೀರಿಸುವುದಾದರೆ ತಿಂಗಳಿಗೆ ಸುಮಾರು 0.135, ಆದರೆ 60 ಕಂತು ಕಟ್ಟಿದ ಮೇಲೂ 13.3 ಬಾಕಿ ಇರುತ್ತದೆ.

ಮೂರನೆಯದನ್ನು ಗಮನಿಸಿ. 5 ವರ್ಷ ಕಟ್ಟಿದರೂ 15ರಲ್ಲಿ 1.7 ಮಾತ್ರ ಇಳಿದಿರುತ್ತದೆ. ಮೊದಲನೆಯದು, ಮೂರನೆಯದು ಯಾವುದೇ ಆದರೂ ಕೊನೆಯ ದೊಡ್ಡ ಕಂತಿಗೆ ಹಣ ಎಲ್ಲಿಂದ ಎಂಬ ಉತ್ತರ ಇವತ್ತೇ ನಿಮ್ಮಲ್ಲಿರಬೇಕು. '90 ದಿನ ಮುಂಚೆ ನೋಟಿಸ್ ಕೊಟ್ಟರೆ ಶೇ 1 ಹೆಚ್ಚಿನ ಬಡ್ಡಿಗೆ 12 ತಿಂಗಳು ವಿಸ್ತರಣೆ' ಎಂಬ ಆಯ್ಕೆ ಕೇಳಿ, ಹೆಚ್ಚಿನವರು ಕೊಡುತ್ತಾರೆ. ಕಂತಿನ ಪಟ್ಟಿಯನ್ನೇ ಅಗ್ರಿಮೆಂಟ್‌ಗೆ ಅನುಬಂಧವಾಗಿ ಲಗತ್ತಿಸಿ. ಮುಂಚಿತವಾಗಿ ತೀರಿಸಿದರೆ ದಂಡವಿಲ್ಲ, ಕಂತು ತಪ್ಪಿದರೆ ಲಿಖಿತ ನೋಟಿಸ್ ಕೊಟ್ಟು 30 ದಿನ ಅವಕಾಶ, ಪೂರ್ತಿ ತೀರಿದ ಮೇಲೆ ಆಸ್ತಿಯ ಮೇಲಿನ ಅವರ ಹಕ್ಕು ಬಿಡುವ ಪತ್ರ ಇಷ್ಟು ದಿನದೊಳಗೆ, ಈ ಮೂರೂ ಬೇಕು.

ಈಗ ಬೆಲೆಯ ಕಡೆ ಬನ್ನಿ. ಅವರು 100 ಬಿಡುವುದಿಲ್ಲ ಎನ್ನುತ್ತಾರಲ್ಲ, ಬಡ್ಡಿಯನ್ನು ಶೇ 6ಕ್ಕೆ ಇಳಿಸಿ ಎಂದು ಕೇಳಿ. ಬಡ್ಡಿ ಮಾತ್ರದ ಲೆಕ್ಕದಲ್ಲಿ ತಿಂಗಳಿಗೆ 0.0375 ಉಳಿತಾಯ, 5 ವರ್ಷಕ್ಕೆ 2.25. ಮುಂದೆ ಸಿಗುವ ಹಣವನ್ನು ಶೇ 9ರ ದರದಲ್ಲಿ ಇವತ್ತಿನ ಬೆಲೆಗೆ ತಂದರೆ ಸುಮಾರು 1.8. ಅಂದರೆ ಬೆಲೆಯನ್ನು 98ರ ಸುತ್ತ ಇಳಿಸಿದಷ್ಟೇ ಲಾಭ, ಅವರ ಕಾಗದದಲ್ಲಿ 100 ಹಾಗೇ ಇರುತ್ತದೆ. ಬೆಲೆ ಮಾನದ ಪ್ರಶ್ನೆಯಾದವರ ಜೊತೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ.

ಆದರೆ ಇದಕ್ಕಿಂತ ಮುಂಚೆ ಒಂದು ಕೆಲಸ. 60 ಕೊಡುವ ಬ್ಯಾಂಕಿಗೆ ಈ 15ರ ಸಾಲವನ್ನು ಬರಹದಲ್ಲಿ ತಿಳಿಸಿ. ಅದೇ ಆಸ್ತಿಯ ಮೇಲೆ ಎರಡನೆಯವರ ಹಕ್ಕಿಗೆ ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ. ಮುಚ್ಚಿಟ್ಟರೆ ಸಾಲದ ಷರತ್ತು ಮುರಿದಂತೆ, ಪೂರ್ತಿ ಸಾಲ ಒಮ್ಮೆಲೇ ಕಟ್ಟಿ ಎನ್ನುವ ಹಕ್ಕು ಅವರಿಗೆ ಬರುತ್ತದೆ. ಒಪ್ಪದಿದ್ದರೆ ನಿಮ್ಮ ಕೈಯಿಂದ 25 ಅಲ್ಲ, 40 ಬೇಕು. ಹಾಗಾಗಿ ಕರಾರು_ಕಲಂ ಬರೆದ ಸಾಲದ ಷರತ್ತಿನಲ್ಲೇ 'ಮತ್ತು ಮಾರಾಟಗಾರರ 15 ಭಾಗದ ಸಾಲಕ್ಕೆ ಬ್ಯಾಂಕಿನ ಲಿಖಿತ ಒಪ್ಪಿಗೆ' ಎಂದು ಸೇರಿಸಿ.

ಮಾರುವವರ 45ರ ಹಳೆಯ ಸಾಲಕ್ಕೆ: 'ಋಣಭಾರವಿಲ್ಲ' ಎಂಬ ಸುಳ್ಳು ಸಾಲು ತೆಗೆಸಿ, ನಿಜವನ್ನೇ ಬರೆಸಿ. ಅವರ ಬ್ಯಾಂಕಿನಿಂದ ಬಾಕಿ ಪತ್ರ ತರಿಸಿ, ಅದರಲ್ಲಿ ಒಟ್ಟು ಮೊತ್ತದ ಜೊತೆ ದಿನಕ್ಕಿಷ್ಟು ಬಡ್ಡಿ ಎಂಬುದೂ ಇರಬೇಕು, ಕ್ರಯ ನಾಲ್ಕು ದಿನ ಮುಂದೆ ಹೋದರೂ ಲೆಕ್ಕ ತಪ್ಪುವುದಿಲ್ಲ. ಕ್ರಯದ ದಿನ ಆ ಮೊತ್ತ ನೇರ ಅವರ ಬ್ಯಾಂಕಿಗೆ, ಉಳಿದದ್ದು ಅವರಿಗೆ. ಈಗಿನ ಡ್ರಾಫ್ಟ್ ಪ್ರಕಾರವೂ ಕ್ರಯದ ದಿನ ಕೈಬದಲಾಗುವುದು 65, ಸಾಲ 45. ಸಾಕಾಗುತ್ತದೆ. ಬಾಕಿ ಪತ್ರದಲ್ಲಿ 65 ಮೀರಿದ ಅಂಕಿ ಬಂದರೆ ಅಲ್ಲಿಗೇ ನಿಲ್ಲಿಸಿ.

ಹೊಸಮನೆ

ತುಂಬಾ ಉಪಕಾರವಾಯಿತು. ಎಸ್ಕ್ರೋ ವಿಷಯ ಫೋನಿನಲ್ಲಿ ಎತ್ತಿದೆ. 'ನಮ್ಮ ಮೇಲೆ ನಂಬಿಕೆ ಇಲ್ಲವಾ, ಬೇರೆ ಖರೀದಿದಾರರು ಕಾಯುತ್ತಿದ್ದಾರೆ' ಎಂದರು. ಅವರಿಗೆ ಅಡ್ವಾನ್ಸ್‌ನಲ್ಲಿ 8 ತುರ್ತಾಗಿ ಬೇಕಂತೆ, ಬೇರೆ ಮನೆಗೆ ಕಟ್ಟಲು. ಇಲ್ಲಿ ಹೇಗೆ ಮುಂದುವರಿಯಲಿ?

ಮಾತುಕತೆ

ಅವರು ನಿಮಗೆ ಬೇಕಾದ್ದನ್ನೇ ಹೇಳಿದ್ದಾರೆ. 20 ಬೇಡ, 8 ಬೇಕು, ಅದೂ ಬೇಗ. ಈಗ ಕೇಳಬೇಕಾದ ಪ್ರಶ್ನೆ ಒಂದೇ: ಆ 8 ಯಾವ ತಾರೀಕಿಗೆ ಬೇಕು? 15ನೇ ದಿನದ ಆಚೆಗಾದರೆ ದಾರಿ ಸುಲಭ. ಸಹಿಯ ದಿನ 2, 15ನೇ ದಿನ ಕಟ್ಟಡ, ದಾಖಲೆ, ಬಾಡಿಗೆದಾರರ ಷರತ್ತುಗಳು ಮುಗಿದ ಮೇಲೆ 6, ಎರಡೂ ನೇರ ಅವರಿಗೆ. ಆ ಹೊತ್ತಿಗೆ ಉಳಿಯುವ ಅಪಾಯ ಬ್ಯಾಂಕ್ ಸಾಲದ್ದು ಮಾತ್ರ. ಅದಕ್ಕೆ, ಸಾಲ ಸಿಗದಿದ್ದರೆ 2 ಅವರು ಇಟ್ಟುಕೊಂಡು 6 ವಾಪಸ್ ಎಂದು ಒಪ್ಪಿ. ನೀವೂ ಸ್ವಲ್ಪ ಕಳೆದುಕೊಳ್ಳುವವರಾದಾಗ ಮಾತಿಗೆ ತೂಕ ಬರುತ್ತದೆ. ಕರಾರನ್ನು ಆಸ್ತಿಯ ಸರ್ಕಾರಿ ದಾಖಲೆಯಲ್ಲಿ ನಮೂದಿಸಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿದ್ದರೆ, ನೇರ ಹಣ ಕೊಡುವ ಮುಂಚೆ ಅದನ್ನು ಮಾಡಿಸಿಬಿಡಿ, ಅದೇ ಆಸ್ತಿ ಇನ್ನೊಬ್ಬರಿಗೆ ಹೋಗುವುದನ್ನು ಅದು ತಕ್ಕ ಮಟ್ಟಿಗೆ ತಡೆಯುತ್ತದೆ.

ನಂಬಿಕೆಯ ಮಾತಿಗೆ ವಾದ ಬೇಡ. 'ಬ್ಯಾಂಕಿನವರೂ ನನ್ನ ವಕೀಲರೂ ಇದನ್ನು ಕೇಳುತ್ತಾರೆ, ನಿಮ್ಮ ಕಡೆಯ ಭಯ ಏನು ಹೇಳಿ, ಅದಕ್ಕೂ ಒಂದು ಸಾಲು ಹಾಕೋಣ' ಎನ್ನಿ. ಬೇರೆ ಖರೀದಿದಾರರು ಇರಬಹುದು, ಇಲ್ಲದಿರಬಹುದು. ಎರಡೂ ಸಂದರ್ಭದಲ್ಲಿ ನಿಮ್ಮ ಉತ್ತರ ಬದಲಾಗಬಾರದು.

ಬದಲಾವಣೆಗಳನ್ನು ಫೋನಿನಲ್ಲಿ ಒಂದೊಂದಾಗಿ ಎತ್ತಬೇಡಿ, ಒಂದೊಂದಕ್ಕೂ 'ಇಲ್ಲ' ಬರುತ್ತದೆ. ಒಂದೇ ಪುಟದಲ್ಲಿ ಎಲ್ಲವನ್ನೂ ಕಟ್ಟಿಕೊಡಿ: 'ಬೆಲೆ 100ಕ್ಕೆ ಒಪ್ಪಿದ್ದೇನೆ. ನಿಮಗೆ 8 ಬೇಕಾದ ದಿನ ಸಿಗುತ್ತದೆ. ಮನೆ ಬಿಡಲು ಕ್ರಯದ ಮೇಲೆ 15 ದಿನ ಹೆಚ್ಚು ಬೇಕಾದರೆ ಬಾಡಿಗೆಯಿಲ್ಲದೆ ಇರಿ. ಇದಕ್ಕೆ ಪ್ರತಿಯಾಗಿ ನಾಲ್ಕು ಷರತ್ತು, 50 ದಿನ, ಸಾಲದ ಬಡ್ಡಿ ಶೇ 6.' ಯಾವುದನ್ನಾದರೂ ಅವರು ತೆಗೆದರೆ ನೀವೂ ಒಂದನ್ನು ತೆಗೆಯಿರಿ, ಸುಮ್ಮನೆ ಬಿಡಬೇಡಿ. ನನ್ನ ಅಭಿಪ್ರಾಯದಲ್ಲಿ ಬಿಟ್ಟುಕೊಡಬಹುದಾದವು: ಬಡ್ಡಿದರ, ಪೀಠೋಪಕರಣ, ಕ್ರಯದ ತಾರೀಕಿನಲ್ಲಿ ಒಂದು ವಾರ. ಬಿಡಬಾರದವು: ದಾಖಲೆಯ ಷರತ್ತು, ಇಬ್ಬರು ಮಾಲೀಕರ ಸಹಿ, ಅವರ ಸಾಲ ನೇರ ಬ್ಯಾಂಕಿಗೆ ಹೋಗುವುದು. ಈ ಮೂರರಲ್ಲಿ ಒಂದಕ್ಕೆ ಅವರು ಒಪ್ಪದಿದ್ದರೂ ಮನೆ ಎಷ್ಟೇ ಇಷ್ಟವಾಗಿರಲಿ, ಬೇರೆ ಮನೆ ನೋಡಿ.

ಗೋಡೆ_ಬಿರುಕು

ಮೇಲಿನವರು ಹೇಳಿದ 15 ದಿನದ ಉಚಿತ ವಾಸ್ತವ್ಯಕ್ಕೆ ಒಂದು ಬಾಲ ಸೇರಿಸಿ: 16ನೇ ದಿನದಿಂದ ದಿನಕ್ಕಿಷ್ಟು ಎಂಬ ಮೊತ್ತ, ಮತ್ತು ಅದಕ್ಕಾಗಿ ಬಾಕಿಯಿಂದ 1 ತಡೆಹಿಡಿಯುವುದು. ಇಲ್ಲದಿದ್ದರೆ 15 ಎಂಬುದು 60 ಆಗುತ್ತದೆ.

ಬಾಡಿಗೆದಾರರ ಸಹಿಯಿರುವ ಪತ್ರವನ್ನು 15ನೇ ದಿನದೊಳಗೆ ತರಿಸಿ: ಬಾಡಿಗೆ ಎಷ್ಟು, ಠೇವಣಿ ಎಷ್ಟು, ಎಲ್ಲಿಯವರೆಗೆ ಕೊಟ್ಟಿದ್ದಾರೆ, ಕರಾರು ಯಾವಾಗ ಮುಗಿಯುತ್ತದೆ, ಬೇರೆ ಬಾಯಿಮಾತು ಏನಾದರೂ ಇದೆಯೇ. ಮಾರುವವರು ಹೇಳಿದ ಠೇವಣಿಗೂ ಬಾಡಿಗೆದಾರರು ಹೇಳಿದ್ದಕ್ಕೂ ವ್ಯತ್ಯಾಸ ಬರುವುದು ಮಾಮೂಲು. ಆ ಠೇವಣಿ ಹಿಂದಿರುಗಿಸುವ ಹೊಣೆ ನಾಳೆ ನಿಮ್ಮದಾಗುವುದರಿಂದ ಬಾಕಿ ಹಣದಲ್ಲಿ ಅದನ್ನು ಕಳೆಯಲೇಬೇಕು. ಬಾಡಿಗೆಯನ್ನು ದಿನದ ಲೆಕ್ಕದಲ್ಲಿ ಹಂಚಿ, ಕ್ರಯದ ದಿನ ಯಾರ ಪಾಲು ಎಂದು ಬರೆಯಿರಿ. 30 ದಿನದ ತಿಂಗಳಲ್ಲಿ 11ಕ್ಕೆ ಕ್ರಯವಾಗಿ ಆ ದಿನ ನಿಮ್ಮದಾದರೆ ಅವರಿಗೆ 10, ನಿಮಗೆ 20 ದಿನ. ಆಸ್ತಿ ತೆರಿಗೆಗೂ ಇದೇ ಕ್ರಮ.

ಕ್ರಯದ ಹಿಂದಿನ ದಿನ ಇಡೀ ಮನೆ ಒಮ್ಮೆ ನೋಡುವ ಹಕ್ಕು ಅಗ್ರಿಮೆಂಟ್‌ನಲ್ಲಿರಲಿ. ಹೋಗುವಾಗ ಬಿಟ್ಟುಹೋಗುವ ವಸ್ತುಗಳ ಪಟ್ಟಿ ಕೈಯಲ್ಲಿರಬೇಕು: ನೀರಿನ ಪಂಪ್, ಗೀಸರ್, ಫ್ಯಾನ್, ಗೋಡೆಗೆ ಕೂಡಿಸಿದ ಕಪಾಟು, ಇನ್ವರ್ಟರ್. ನೀರಿನ, ವಿದ್ಯುತ್ತಿನ ಮೀಟರ್ ಅಂಕಿಗಳ ಫೋಟೋ ತೆಗೆದು ಅವತ್ತೇ ಇಬ್ಬರೂ ಮಾಲೀಕರಿಗೆ ಕಳಿಸಿ.

ಹೊಸಮನೆ

8 ಬೇಕಾಗಿರುವುದು ಸಹಿಯಾಗಿ 20 ದಿನದ ನಂತರವಂತೆ. ಒಂದು ಪುಟದ ಪಟ್ಟಿ ಬರೆದಿದ್ದೇನೆ, ನಾಳೆ ವಕೀಲರಿಗೆ ತೋರಿಸಿ ಅವರಿಗೆ ಕಳಿಸುತ್ತೇನೆ. ಬಡ್ಡಿಯನ್ನು ಶೇ 6 ಎಂದು ಕೇಳಿ ಶೇ 7.5ಕ್ಕೆ ನಿಲ್ಲುವುದಾಗಿ ಇಟ್ಟುಕೊಂಡಿದ್ದೇನೆ.